ಪ್ರತಿಕ್ರಿಯೆ: ಮಂತ್ರಿಯಾಗಿದ್ದವರು ಸುಪ್ರೀಂ ಕೋರ್ಟ್ ಜಡ್ಜ್ ಆಗಿದ್ದುಂಟಾ?

ರಾಜ್ಯದ ಮಂತ್ರಿಯಾಗಿದ್ದವರು ಯಾರಾದರೂ ಸುಪ್ರೀಂ ಕೋರ್ಟ್ ಜಡ್ಜ್ ಆಗಿದ್ದಾರಾ, ಆದ ಮೇಲೆ ಹಳೇ ಪಕ್ಷದ ಋಣ ಬಿಡುತ್ತಾ ಅಂತ ಕೇಳಿದ್ದೀರಿ. ಆಗಿದ್ದಾರೆ: ವಿ.ಆರ್. ಕೃಷ್ಣ ಅಯ್ಯರ್. ಕೇರಳದ ತಲಶ್ಶೇರಿಯ ವಕೀಲರು. 1957ರಲ್ಲಿ ಪಕ್ಷೇತರರಾಗಿ ಗೆದ್ದು, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ಇಎಂಎಸ್ ನಂಬೂದಿರಿಪಾಡ್ ಸಂಪುಟದಲ್ಲಿ ಕಾನೂನು, ಜೈಲು, ವಿದ್ಯುತ್ ಖಾತೆ ನೋಡಿಕೊಂಡರು. 1960ರಲ್ಲಿ ಬರೀ 7 ಮತದಿಂದ ಸೋತರು. ಕೋರ್ಟಿಗೆ ಹೋಗಿ ಮರು ಎಣಿಕೆಯಲ್ಲಿ ಗೆದ್ದರು! 1968ರಲ್ಲಿ ಕೇರಳ ಹೈಕೋರ್ಟ್, 1973ರಲ್ಲಿ ಸುಪ್ರೀಂ ಕೋರ್ಟ್. ಕಮ್ಯುನಿಸ್ಟರ ಜಡ್ಜ್ ಅಂತ ಆಗ ಗೊಣಗಿದವರು ಕಡಿಮೆಯೇನಲ್ಲ.

ಋಣದ ಮಾತಿಗೆ ಬಂದರೆ, 1975ರ ಜೂನ್ 24ರ ಆದೇಶ ನೋಡಿ. ತಮ್ಮ ಲೋಕಸಭಾ ಆಯ್ಕೆಯನ್ನು ರದ್ದು ಮಾಡಿದ್ದ ಅಲಹಾಬಾದ್ ಹೈಕೋರ್ಟ್ ತೀರ್ಪಿಗೆ ಪೂರ್ತಿ ತಡೆಯಾಜ್ಞೆ ಬೇಕೆಂದು ಇಂದಿರಾ ಗಾಂಧಿ ಕೇಳಿದ್ದರು. ರಜಾಕಾಲದ ಪೀಠದಲ್ಲಿ ಒಬ್ಬರೇ ಕೂತಿದ್ದ ಅಯ್ಯರ್ ಕೊಟ್ಟಿದ್ದು ಷರತ್ತಿನ ತಡೆ: ಪ್ರಧಾನಿಯಾಗಿ ಮುಂದುವರಿಯಬಹುದು, ಲೋಕಸಭೆಯಲ್ಲಿ ಮತ ಹಾಕುವಂತಿಲ್ಲ, ಸಂಸದರ ಸಂಬಳ ಪಡೆಯುವಂತಿಲ್ಲ. ಎರಡೂ ಕಡೆಯವರಿಗೆ ಅಸಮಾಧಾನ. ಮರುದಿನ ರಾತ್ರಿ ತುರ್ತು ಪರಿಸ್ಥಿತಿ.

ಒಲವು ಇರಲಿಲ್ಲ ಅಂತಲ್ಲ, ಇತ್ತು. ಆದರೆ ನನ್ನ ಪ್ರಕಾರ ಅದು ಪಕ್ಷದ ಕಡೆಗಲ್ಲ, ಕೈದಿಗಳ ಕಡೆಗೆ. 1948ರಲ್ಲಿ ಸ್ವತಃ ಜೈಲು ಕಂಡಿದ್ದವರು, ಆಮೇಲೆ ಜೈಲು ಖಾತೆಯ ಮಂತ್ರಿ. ವಿಚಾರಣಾಧೀನ ಕೈದಿಗಳಿಗೆ ಮಾಮೂಲಿಯಾಗಿ ಕೋಳ ಹಾಕಬಾರದು, ಹಾಕಿದರೆ ಕಾರಣ ಬರೆದಿಡಬೇಕು ಎಂಬ 1980ರ ತೀರ್ಪು ಅವರದೇ.