ಮಳೆಗಾಲದಲ್ಲಿ ರಿಪೀಟರ್ ಗಡಿಯಾರದ ಬಡಿತ ನಿಂತರೆ

ಆಗುಂಬೆಯಲ್ಲಿ ಮಳೆ ಹಿಡಿದಾಗಿನಿಂದ ನಿಮ್ಮ ಕ್ವಾರ್ಟರ್ ರಿಪೀಟರ್ (ಪಕ್ಕದ ಸ್ಲೈಡ್ ಎಳೆದರೆ ಗಂಟೆ, ಕಾಲುಗಂಟೆಗಳನ್ನು ಬಡಿದು ಹೇಳುವ ಗಡಿಯಾರ) ಎಳೆದೆಳೆದು ಬಡಿದು ನಡುವೆ ನಿಲ್ಲುತ್ತಿದೆ ಎಂದರೆ, ಬಡಿತದ ಗಾಲಿಗಳಲ್ಲಿ ಹಳೆ ಎಣ್ಣೆ ಅಂಟಾಗಿರುವ ಸಾಧ್ಯತೆ ಹೆಚ್ಚು. ತುಕ್ಕೂ ಇರಬಹುದು, ತೆರೆದು ನೋಡದೆ ಹೇಳಲಾಗದು.

ಮೊದಲು ಸ್ಲೈಡ್ ಎಳೆಯುವುದನ್ನು ನಿಲ್ಲಿಸಿ. ಬಡಿತ ಅರ್ಧಕ್ಕೆ ನಿಂತಿರುವಾಗ ಮುಳ್ಳು ತಿರುಗಿಸಲೇಬೇಡಿ, ಒಳಗಿನ ಹಲ್ಲು ಮುರಿದೀತು. ಆಮೇಲೆ ಹಿಂಬದಿ ಮುಚ್ಚಳ ತೆಗೆದು, ಅಂಚಿಗೆ ಸುತ್ತಿಕೊಂಡಿರುವ ಉಕ್ಕಿನ ಗಾಂಗ್ ತಂತಿಯನ್ನು (ಬಡಿತದ ನಾದ ಹೊರಡುವುದು ಇದರಿಂದಲೇ) ಭೂತಗನ್ನಡಿಯಲ್ಲಿ ನೋಡಿ. ಕೆಂಪು ಚುಕ್ಕೆ ಕಂಡರೆ ತುಕ್ಕೇ. ಮುಟ್ಟಬೇಡಿ, ಬೆರಳಿನ ಬೆವರಿಗೇ ಹೊಸ ತುಕ್ಕು ಹಿಡಿಯುತ್ತದೆ. ಕೊಬ್ಬರಿ ಎಣ್ಣೆ, ಹೊಲಿಗೆ ಮಷೀನಿನ ಎಣ್ಣೆ, ಸ್ಪ್ರೇ ಯಾವುದೂ ಬೇಡ. ಹಳೆ ಜಿಡ್ಡಿನ ಮೇಲೆ ಬಿದ್ದರೆ ಇನ್ನಷ್ಟು ಅಂಟು.

ರಿಪೇರಿಗೆ ಕೊಡುವ ತನಕ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ತೇವಾಂಶ ಶೇ. 50ರ ಆಸುಪಾಸು ಇರಲಿ. ಅಕ್ಕಿ ಬೇಡ, ಅದರ ಧೂಳು ಒಳಗೆ ಸೇರುತ್ತದೆ. ರಿಪೇರಿಯವರನ್ನು ‘ಬಡಿತದ ಭಾಗವನ್ನೂ ಪೂರ್ತಿ ಬಿಚ್ಚಿ ತೊಳೆಯುತ್ತೀರಾ?’ ಎಂದು ಕೇಳಿ. ಬರೀ ಎಣ್ಣೆ ಬಿಡುತ್ತೇನೆ ಅಂದವರ ಕೈಗೆ ಕೊಡಬೇಡಿ.