ದೊಡ್ಡಪ್ಪನ ಡೈರಿಯನ್ನು ತಿದ್ದಬೇಡಿ

ನಮಸ್ಕಾರ,

ಸಕಲೇಶಪುರದ ನಿಮ್ಮ ದೊಡ್ಡಪ್ಪ ಮೈಸೂರಿನ ಹಾಸ್ಟೆಲಿನಲ್ಲಿದ್ದು 1942ರಿಂದ 1947ರವರೆಗೆ ಬರೆದ ಡೈರಿಯ ಜೆರಾಕ್ಸ್, ಅದನ್ನು ಆಧರಿಸಿದ ನಿಮ್ಮ ಲೇಖನ ಎರಡನ್ನೂ ಓದಿದೆವು. ಲೇಖನವನ್ನು ಈಗಿರುವ ಹಾಗೆ ಹಾಕಲಾರೆವು. ಮೊದಲ ನಾಲ್ಕು ಪುಟ ಹಿಟ್ಲರ್, ಪರ್ಲ್ ಹಾರ್ಬರ್, ಬರ್ಮಾ. ದೊಡ್ಡಪ್ಪ ಬರುವುದು ಐದನೆಯದರಲ್ಲಿ. ಆ ನಾಲ್ಕನ್ನೂ ತೆಗೆಯಿರಿ. ಹಾಸ್ಟೆಲಿಗೆ ಯುದ್ಧ ಬಂದದ್ದು ಸೀಮೆಎಣ್ಣೆ ಸಿಗದಾದಾಗ, ಅಕ್ಕಿ ರೇಷನ್ನಾದಾಗ. ಅದನ್ನು ಅವರೇ ಬರೆದಿದ್ದಾರಲ್ಲ.

ದೊಡ್ಡ ತಕರಾರು ಬೇರೆ: ನೀವು ಡೈರಿಯನ್ನೇ ತಿದ್ದಿದ್ದೀರಿ. 1943ರ ಡಿಸೆಂಬರಿನಲ್ಲಿ ಅವರು “ಏಳು ಗಂಟೆ, ಇನ್ನೂ ಕತ್ತಲು” ಎಂದರೆ ನೀವು ಐದು ಗಂಟೆ ಮಾಡಿದ್ದೀರಿ. ಅವರದೇ ಸರಿ. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಯುದ್ಧದ ಸಲುವಾಗಿ ದೇಶದ ಗಡಿಯಾರ ಒಂದು ತಾಸು ಮುಂದಿತ್ತು. ಅವರ ಏಳು ನಮ್ಮ ಆರು. ಮೆಸ್ ಬಿಲ್ಲಿನ 13-12-0 ಎಂದರೆ ಹದಿಮೂರು ರೂಪಾಯಿ ಹನ್ನೆರಡು ಪೈಸೆಯಲ್ಲ, ಹದಿಮೂರು ಮುಕ್ಕಾಲು ರೂಪಾಯಿ. ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಇಂದಿನ ಬೆಲೆಗೆ ಪರಿವರ್ತಿಸುವ ಗೋಜಿಗೆ ಹೋಗಬೇಡಿ. ಅದೇ ತಿಂಗಳ ಫೀಸು, ಬಸ್ ಚಾರ್ಜು ಪಕ್ಕದಲ್ಲಿಟ್ಟರೆ ಸಾಕು. “ಸಕಲೇಶಪುರದಲ್ಲಿ ರೈಲು ಹತ್ತಿ” ಎಂಬುದಂತೂ ಡೈರಿಯಲ್ಲಿಲ್ಲ. ಹಾಸನದಿಂದ ಆ ಕಡೆಗೆ ಹಳಿ ಬಂದದ್ದು 1970ರ ದಶಕದಲ್ಲಿ. ಪೆಟ್ರೋಲಿನ ಅಭಾವದಿಂದ ಆಗ ಬಸ್ಸು ಓಡುತ್ತಿದ್ದುದು ಇದ್ದಿಲ ಗ್ಯಾಸಿನಲ್ಲಿ. ಅದಕ್ಕೆ ಪೆಟ್ರೋಲಿನ ಕಸುವಿಲ್ಲ, ಹಾಗಾಗಿ ಏರಿನಲ್ಲಿ ಎಲ್ಲರೂ ಇಳಿದು ಬಸ್ಸು ತಳ್ಳಿದರು ಎಂದು ಅವರು ಬರೆದಿದ್ದಾರೆ. ಅಂಥ ಸಾಲು ಬಿಟ್ಟು ರೈಲು ಯಾಕೆ ಬೇಕಿತ್ತು?

ಕ್ವಿಟ್ ಇಂಡಿಯಾ ಚಳವಳಿ ಶುರುವಾದ 1942ರ ಆಗಸ್ಟ್‌ನ ಪುಟಗಳು ಇಲ್ಲ. ಅಲ್ಲಿ ನೀವು ಮೆರವಣಿಗೆ, ಘೋಷಣೆ ತುಂಬಿದ್ದೀರಿ. ಬೇಡ. ಮೂಲ ಪ್ರತಿಯ ಹೊಲಿಗೆಯ ಬಳಿ ನೋಡಿ: ಬ್ಲೇಡಿನಿಂದ ಕತ್ತರಿಸಿದ ಅಂಚು ಉಳಿದಿದೆಯೇ, ಎಷ್ಟು ಹಾಳೆ? ಅಷ್ಟನ್ನೇ ಬರೆಯಿರಿ. ಪೊಲೀಸರ ಭಯಕ್ಕೆ ಕಿತ್ತರೋ, ಬರೆಯಲೇ ಇಲ್ಲವೋ, ಊಹೆಯನ್ನು ಊಹೆ ಎಂದೇ ಹೇಳಿ. ತಾರೀಕಿಲ್ಲದ ಬಿಡಿ ಹಾಳೆಗಳನ್ನು ಒಳಗಿನ ಸುಳಿವಿನಿಂದ ಜೋಡಿಸಿ. “ತೂತಿನ ಕಾಸು” ಎಂದಿದ್ದರೆ ಅದು 1943ಕ್ಕಿಂತ ಹಿಂದಿನದಲ್ಲ, ನಡುವೆ ತೂತಿದ್ದ ಆ ಕಾಸು ಬಂದದ್ದೇ ಆ ವರ್ಷ. ವಾರವನ್ನೂ ತಾಳೆ ನೋಡಿ. ಕಾಗದದ ಅಭಾವದಲ್ಲಿ ಹಳೇ ವರ್ಷದ ಡೈರಿಯಲ್ಲೇ ಬರೆದಿದ್ದರೆ ಅಚ್ಚಾದ ವಾರ ಹೊಂದುವುದಿಲ್ಲ.

ಲೇಖನವನ್ನು 1947ರ ಆಗಸ್ಟ್ 15ಕ್ಕೆ ಮುಗಿಸಿದ್ದೀರಿ. ಮೈಸೂರು ಸಂಸ್ಥಾನದ ವಿದ್ಯಾರ್ಥಿಗೆ ಆ ಶುಕ್ರವಾರ ಮುಕ್ತಾಯವಾಗಿರಲಿಲ್ಲ. ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂದು ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಎದ್ದಿತು, ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು ಅಕ್ಟೋಬರಿನಲ್ಲಿ. ಆ ಎರಡು ತಿಂಗಳ ಪುಟಗಳು ನಿಮ್ಮ ಜೆರಾಕ್ಸಿನಲ್ಲಿವೆ, ಲೇಖನದಲ್ಲಿ ಒಂದು ಸಾಲೂ ಇಲ್ಲ. ನಮಗೆ ಬೇಕಾದದ್ದು ಅವೇ.

ಮೂಲವನ್ನು ಲ್ಯಾಮಿನೇಟ್ ಮಾಡಿಸಬೇಡಿ, ಸೆಲೋಟೇಪ್ ಹಚ್ಚಬೇಡಿ. ಪ್ಲಾಸ್ಟಿಕ್ಕಿನಲ್ಲಿ ಬಿಗಿದಿಟ್ಟರೆ ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಡೈರಿ ನಿಮ್ಮ ಕಪಾಟಿನಲ್ಲಿದ್ದರೂ ಪ್ರಕಟಣೆಯ ಹಕ್ಕು ವಾರಸುದಾರರದು. ದೊಡ್ಡಪ್ಪನ ಮಕ್ಕಳ ಒಪ್ಪಿಗೆ ಪತ್ರ ಬೇಕು. ಅದರೊಂದಿಗೆ ಸೆಪ್ಟೆಂಬರ್, ಅಕ್ಟೋಬರ್ ಪುಟಗಳ ಫೋಟೊ ಮತ್ತು 1,200 ಪದ ಮೀರದ ಹೊಸ ಪ್ರತಿ ಕಳಿಸಿ.

— ಸಂಪಾದಕ, ಹಾಸನ