ಕೊಯ್ಲು ಬಂತು, ಪಟ್ಟಿ ಮೂಲೆಗೆ ಹೋಯ್ತು!

ಪ್ರಶ್ನೆ: ಸರ್ ನಮಸ್ಕಾರ. ಮೂಡಿಗೆರೆ ಹತ್ರ ಒಂದು ಕಾಫಿ ಎಸ್ಟೇಟ್ ಆಫೀಸಲ್ಲಿ ಲೆಕ್ಕಪತ್ರ ನೋಡ್ಕೊಳ್ಳೋ ಕೆಲಸ ನಂದು. ಚೆಕ್‌ರೋಲು (ಆಳುಗಳ ಹಾಜರಿ ಪುಸ್ತಕ), ಪಿಎಫ್ಫು, ಬ್ಯಾಂಕು, ಗೊಬ್ಬರದ ಬಿಲ್ಲು, ಸಾವ್ಕಾರ್ರು ಫೋನಲ್ಲಿ ಹೇಳಿದ್ದು, ಎಲ್ಲಾ ನನ್ ತಲೆ ಮೇಲೇನೇ. ಯೂಟ್ಯೂಬಲ್ಲಿ ಜಿಟಿಡಿ (ಗೆಟಿಂಗ್ ಥಿಂಗ್ಸ್ ಡನ್) ಅಂತ ಕೆಲಸದ ಪಟ್ಟಿ ಇಡೋ ಪದ್ಧತಿ ನೋಡಿ ಜೂನಲ್ಲಿ ಶುರು ಮಾಡ್ದೆ, ಮಳೆಗಾಲ ಪೂರ್ತಿ ಚೆನ್ನಾಗೇ ನಡೀತು, ನವೆಂಬರಲ್ಲಿ ಹಣ್ಣು ಕುಯ್ಲು ಶುರುವಾಗಿದ್ದೇ ತಡ ಎಲ್ಲಾ ಕೆಟ್ಟೋಯ್ತು. ಅದರ ಹಿಂದಿನ ವರ್ಷ ಬುಲೆಟ್ ಜರ್ನಲ್ ಅಂತ ನೋಟ್‌ಬುಕ್ಕಲ್ಲಿ ಪಟ್ಟಿ ಬರೆಯೋ ಇನ್ನೊಂದು, ಅದರ ಕಥೆನೂ ಇದೇ. ಈಗ ಪಟ್ಟಿ ತೆಗೆಯಕ್ಕೇ ಭಯ, ಇನ್ನೂರು ಚಿಲ್ರೆ ಬಾಕಿ ತೋರಿಸ್ತಿದೆ. ನಂಗೆ ಶಿಸ್ತೇ ಇಲ್ವಾ, ಇಲ್ಲಾ ಇವೆಲ್ಲ ಬೆಂಗ್ಳೂರು ಐಟಿಯೋರಿಗೆ ಮಾತ್ರಾನಾ?

ಉತ್ತರ: ಶಿಸ್ತಿನ ಮಾತು ಪಕ್ಕಕ್ಕಿಡಿ ಮಾರಾಯ್ರೆ. ಜೂನಿಂದ ಅಕ್ಟೋಬರ್ ತನಕ ಬಿಡದೆ ನಡೆಸಿದೋರಿಗೆ ಶಿಸ್ತಿಲ್ಲ ಅಂದ್ರೆ ಯಾರು ಒಪ್ತಾರೆ? ಮಳೆಗಾಲದ ಅಳತೆಗೆ ಹೊಲಿಸಿದ ಅಂಗೀನ ಕುಯ್ಲಿಗೂ ಹಾಕ್ಕೊಳ್ಳಕ್ಕೆ ಹೋಗಿದೀರಿ, ಹರೀತು, ಅಷ್ಟೇ.

ಜಿಟಿಡಿ ಅನ್ನೋದು ಡೇವಿಡ್ ಅಲೆನ್ ಅಂತ ಅಮೆರಿಕದೋರು 2001ರಲ್ಲಿ ಪುಸ್ತಕ ಬರೆದು ಹೇಳಿಕೊಟ್ಟ ಪದ್ಧತಿ. ತಲೇಲಿರೋದನ್ನೆಲ್ಲ ಬರೆದಿಡು, ಒಂದೊಂದಕ್ಕೂ ಮುಂದಿನ ಕೆಲಸ ಏನು ಅಂತ ತೀರ್ಮಾನ ಮಾಡು, ಎರಡು ನಿಮಿಷದಲ್ಲಿ ಮುಗಿಯೋದಾದ್ರೆ ಅಲ್ಲೇ ಮುಗಿಸು, ವಾರಕ್ಕೊಂದ್ಸಲ ಕೂತು ಪೂರ್ತಿ ಪಟ್ಟಿ ನೋಡು. ಸಾಮಾನ್ಯವಾಗಿ ಮೊದ್ಲು ಕೈ ಕೊಡೋದು ಈ ಕೊನೇದೇ. ಕುಯ್ಲಲ್ಲಿ ನಿಮಗೆ ನಿಧಾನಕ್ಕೆ ಕೂರಕ್ಕೆ ಟೈಮೆಲ್ಲಿ, ಬೆಳಗ್ಗೆ ಆಳಿನ ಲೆಕ್ಕ, ಸಾಯಂಕಾಲ ಹಣ್ಣಿನ ತೂಕ, ಆ ಕಡೆ ಹಣ್ಣಿನ ಸಿಪ್ಪೆ ತೆಗೆಯೋ ಪಲ್ಪರ್ ಓಡ್ತಿರುತ್ತೆ, ಈ ಕಡೆ ಕಣದಲ್ಲಿ ಒಣಗಕ್ಕೆ ಹಾಕಿದ್ರ ಮೇಲೆ ಮೋಡ ಬಂದು ನಿಂತಿರುತ್ತೆ. ಹಂಗೆ ನೋಡದೆ ಬಿಟ್ಟ ಪಟ್ಟಿ ಎರಡ್ಮೂರು ವಾರದಲ್ಲಿ ಸುಳ್ಳು ಹೇಳಕ್ಕೆ ಶುರು ಮಾಡುತ್ತೆ, ಮುಗಿದಿದ್ದನ್ನ ಬಾಕಿ ಅನ್ನುತ್ತೆ, ನಿಜವಾಗ್ಲೂ ಬಾಕಿ ಇರೋದು ಅದ್ರಲ್ಲಿ ಇರೋದೇ ಇಲ್ಲ. ಆಮೇಲೆ ಅದನ್ನ ಯಾರು ತೆಗೆದು ನೋಡ್ತಾರೆ ಹೇಳಿ.

ನಿಮ್ಮ ಚೆಕ್‌ರೋಲನ್ನೇ ನೋಡಿ. ಕುಯ್ಲಿರ್ಲಿ, ಜಡಿಮಳೆ ಇರ್ಲಿ, ಅದು ಒಂದಿನಾನೂ ನಿಲ್ಲಲ್ಲ, ಮೇಸ್ತ್ರಿ ಬಂದು ಹಾಜರಿ ಹೇಳ್ತಾರೆ, ರೈಟರ್ ಬರ್ಕೋತಾರೆ. ಯಾರೂ ಶಿಸ್ತಿನ ಭಾಷಣ ಮಾಡಿಲ್ಲ. ಅದು ತಪ್ಪಿದ್ರೆ ಬಟವಾಡೆ ದಿನ ಆಫೀಸ್ ಮುಂದೆ ಗಲಾಟೆ ಆಗುತ್ತೆ, ಅದಕ್ಕೆ ನಡೆಯುತ್ತೆ. ನಿಮ್ಮ ಪಟ್ಟೀನೂ ಅದಕ್ಕೇ ಕಟ್ಟಿಹಾಕಿ. ದಿನಾ ಚೆಕ್‌ರೋಲ್ ಟ್ಯಾಲಿ ಆದ್ಮೇಲೆ ಆ ಪುಸ್ತಕ ಮುಚ್ಚೋ ಮುಂಚೆ ಐದೇ ನಿಮಿಷ, ಬಟವಾಡೆ ಮುಗಿದ ದಿನ ಇನ್ನೊಂದು ಹದಿನೈದು ನಿಮಿಷ. ಬೇರೆ ಟೈಮ್ ಹುಡುಕಕ್ಕೆ ಹೋಗ್ಲೇಬೇಡಿ, ಸಿಗಲ್ಲ.

ಅರೇಬಿಕಾ ಕುಯ್ಲು ಶುರುವಾದಾಗಿಂದ ರೋಬಸ್ಟಾ ಕುಯ್ಲು ಮುಗಿಯೋ ತನಕ ದೊಡ್ಡ ಪಟ್ಟೀನ ಬೀರುಗೆ ಹಾಕಿ ಬೀಗ ಹಾಕಿ. ಜೇಬಲ್ಲಿ ಒಂದು ಚಿಕ್ಕ ನೋಟ್‌ಬುಕ್, ಅದ್ರಲ್ಲಿ ಈ ವಾರ ಆಗದಿದ್ರೆ ದುಡ್ಡು ಹೋಗುತ್ತೆ ಅನ್ನೋದು ಮಾತ್ರ, ಕುಯ್ಲಲ್ಲಿ ಆ ಐದು ನಿಮಿಷ ನೋಡೋದು ಇದನ್ನೇ. ಸರ್ಕಾರದ ತಾರೀಕುಗಳಂತೂ ತಲೇಲಿ ಇಟ್ಕೊಳ್ಳೋದೇ ಬೇಡ: ಹಿಂದಿನ ತಿಂಗಳ ಟಿಡಿಎಸ್ (ಮಾರ್ಚ್‌ದೊಂದು ಬಿಟ್ಟು) 7ಕ್ಕೆ, ಪಿಎಫ್ 15ಕ್ಕೆ, ತಿಂಗಳ ತಿಂಗಳ ಜಿಎಸ್‌ಟಿ 3ಬಿ ರಿಟರ್ನ್ ಹಾಕೋರಾದ್ರೆ 20ಕ್ಕೆ. ಮೂರಕ್ಕೂ ಮೂರು ದಿನ ಮುಂಚೆ ಫೋನ್ ಬಡ್ಕೊಳ್ಳೋ ಹಂಗೆ ಒಂದ್ಸಲ ಸೆಟ್ ಮಾಡಿ ಬಿಟ್ಬಿಡಿ. ಕಡೇ ದಿನಕ್ಕೇ ಸೆಟ್ ಮಾಡಬೇಡಿ, ಮೂಡಿಗೆರೆ ಕಡೆ ಕರೆಂಟು ನೆಟ್ಟು ಎರಡನ್ನೂ ನಂಬ್ಕೊಂಡು ಕಡೇ ದಿನ ಕೂರೋದು ನಿಮಗೇ ಗೊತ್ತಲ್ಲ.

ಅಲೆನ್ ಹೇಳಿದ್ರಲ್ಲಿ ನಿಮಗೆ ತುಂಬಾ ಒಗ್ಗೋದು ಒಂದಿದೆ, ಯೂಟ್ಯೂಬಿನೋರು ಅದನ್ನ ಅಷ್ಟಾಗಿ ಹೇಳಲ್ಲ. 43 ಫೋಲ್ಡರ್: ತಿಂಗಳಿಗೊಂದರಂತೆ 12, ದಿನಕ್ಕೊಂದರಂತೆ 31, ಆಯಾ ತಿಂಗಳು, ದಿನ ಬಂದಾಗ ಅದರದ್ದು ತೆಗೆದು ನೋಡೋದು. ನೀವು 31 ಮರ್ತುಬಿಡಿ, 12 ಕವರ್ ಸಾಕು, ತೋಟದ ಕೆಲಸ ಹೇಗೂ ತಿಂಗಳ ಲೆಕ್ಕದಲ್ಲೇ ಬರೋದು. ಜನವರಿ ಕವರಲ್ಲಿ ಒಂದು ಚೀಟಿ, "ಹೂ ಅರಳಿಸೋ ನೀರಿಗೆ ಮುಂಚೆ ಸ್ಪ್ರಿಂಕ್ಲರ್ ಪಂಪು ರಿಪೇರಿ". ಏಪ್ರಿಲ್ ಕವರಲ್ಲಿ "ಮೈಲುತುತ್ತ, ಸುಣ್ಣ ಸ್ಟಾಕ್ ನೋಡೋದು, ಹೋದ ವರ್ಷ ಎಷ್ಟು ಬ್ಯಾರಲ್ ಬೋರ್ಡೊ ಹೊಡೆದಿದ್ವಿ". ಬೋರ್ಡೊ ಅಂದ್ರೆ ಇವೆರಡನ್ನೂ ನೀರಲ್ಲಿ ಕಲಸಿ ಗಿಡಕ್ಕೆ ಹೊಡೆಯೋ ರೋಗದ ಔಷಧಿ, ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಎರಡೂ ಒಂದೊಂದು ಕೆಜಿ ಲೆಕ್ಕ, ಹಂಗಾಗಿ ಬ್ಯಾರಲ್ ಎಷ್ಟು ಅಂತ ಬರೆದಿದ್ರೆ ಆರ್ಡರ್ ಎಷ್ಟು ಅಂತ ಕೂತಲ್ಲೇ ಬಂತು. ಮುಂಗಾರು ಹಿಡಿದ್ಮೇಲೆ ಇದು ನೆನಪಾಗಿ ಏನುಪಯೋಗ? ಕೆಲಸ ಆದ್ಮೇಲೆ ಚೀಟಿ ಹರೀಬೇಡಿ, ಈ ವರ್ಷ ಏನಾಯ್ತು ಅಂತ ಹಿಂದೆ ಒಂದು ಸಾಲು ಗೀಚಿ ಅದೇ ಕವರಿಗೆ ವಾಪಸ್ ಹಾಕಿ. ನಾಳೆ ನೀವು ರಜೆ ಹಾಕಿದ್ರೂ ಇನ್ನೊಬ್ರು ತೆಗೆದು ನೋಡಬಹುದು.

ಆ ಇನ್ನೂರು ಬಾಕಿ? ಒಂದೊಂದೇ ಬಿಡಿಸಕ್ಕೆ ಕೂರಬೇಡಿ. ಬುಲೆಟ್ ಜರ್ನಲ್ ಮಾಡಿದ ರೈಡರ್ ಕ್ಯಾರಲ್ ಅವರ ಉಪಾಯ ಇಲ್ಲಿ ಬಳಸಿ, ಹಳೇದನ್ನ ಮುಂದಕ್ಕೆ ತರಬೇಕು ಅಂದ್ರೆ ಕೈಯಾರೆ ಇನ್ನೊಂದ್ಸಲ ಬರೀಬೇಕು. ಬರೆಯಕ್ಕೇ ಬೇಜಾರಾಯ್ತು ಅಂದ್ರೆ ಆ ಕೆಲಸ ಬೇಡ್ವೇ ಬೇಡ ಅಂತ. ದುಡ್ಡಿಂದು, ಸರ್ಕಾರದ್ದು, ಯಾರಿಗಾದ್ರೂ ಮಾತು ಕೊಟ್ಟಿದ್ದು, ಅಷ್ಟು ಬರ್ಕೊಂಡು ಮಿಕ್ಕಿದ್ದು ಅಳಿಸಿ. ಸಾವ್ಕಾರ್ರಿಗೆ ಬೇಕಾದ್ದು ಅವರೇ ಇನ್ನೊಂದು ಫೋನ್ ಹಾಕ್ತಾರೆ ಬಿಡಿ.

ಇನ್ನೊಂದು, ಮುಂದಿನ ವರ್ಷ ಹೊಸ ಪದ್ಧತಿ ಹುಡುಕಬೇಡಿ. ಇದೇ ಇರ್ಲಿ, ಮಾರ್ಚಲ್ಲಿ ಬೀರು ತೆಗೀರಿ, ಅಲ್ಲಿಂದ ಮುಂದುವರೀರಿ. ವರ್ಷಕ್ಕೊಂದ್ಸಲ ನಿಲ್ಲುತ್ತೆ ಅಂತ ಮೊದ್ಲೇ ಗೊತ್ತಿದ್ರೆ ನಿಂತಿದ್ದಕ್ಕೆ ಬೇಜಾರು ಮಾಡ್ಕೊಳ್ಳೋದಿರಲ್ಲ.

ಪ್ರಶ್ನೆ: ಹಾಸನದ ಒಂದು ಕಾಲೇಜಲ್ಲಿ ಲೆಕ್ಚರರ್. ಹತ್ತು ವರ್ಷ ಬಾಳಿಕೆ ಬರೋ ಒಂದು ಟು-ಡೂ ಆ್ಯಪ್ ಹೇಳಿ ಸರ್, ದುಡ್ಡು ಕೊಟ್ರೂ ಪರವಾಗಿಲ್ಲ.

ಉತ್ತರ: ಹತ್ತು ವರ್ಷದ ಗ್ಯಾರಂಟಿ ಯಾರು ಕೊಡ್ತಾರೆ ಮೇಡಂ. ವಂಡರ್‌ಲಿಸ್ಟ್ ಅಂತ ಒಂದಿತ್ತು, ಬಹಳ ಜನ ಬಳಸ್ತಿದ್ರು, 2015ರಲ್ಲಿ ಮೈಕ್ರೋಸಾಫ್ಟ್ ಕೊಂಡ್ಕೊಂಡು 2020ರ ಮೇನಲ್ಲಿ ಬಾಗಿಲು ಹಾಕ್ತು. ಗೂಗಲ್‌ದು ಇನ್‌ಬಾಕ್ಸ್ ಅಂತ ಮೇಲ್ ಆ್ಯಪ್ ಇತ್ತು, ಅದೂ 2019ರಲ್ಲಿ ಹೋಯ್ತು. ಬರೀ ಟೆಕ್ಸ್ಟ್ ಫೈಲಲ್ಲಿ ಸಾಲಿಗೊಂದು ಕೆಲಸ ಬರೆದಿಟ್ರೆ ಯಾವ ಫೋನಲ್ಲಾದ್ರೂ ಓಪನ್ ಆಗುತ್ತೆ, ಲಾಂಗ್ ನೋಟ್‌ಬುಕ್ಕಿಗಂತೂ ಅಪ್‌ಡೇಟೇ ಬೇಡ. ಆ್ಯಪೇ ಬೇಕು ಅಂದ್ರೆ ಹಾಕ್ಕೊಳ್ಳಿ, ಆದ್ರೆ ಮೊದಲ್ನೇ ದಿನಾನೇ ಎಕ್ಸ್‌ಪೋರ್ಟ್ ಎಲ್ಲಿದೆ ಅಂತ ಹುಡುಕಿ, ನಾಕು ಕೆಲಸ ಹಾಕಿ ಒಂದ್ಸಲ ಹೊರಗೆ ತೆಗೆದು ನೋಡಿ. ಬರ್ಲಿಲ್ವಾ, ದುಡ್ಡು ಕಟ್ಟಬೇಡಿ.